ನಾಲ್ವರ ತಂಡ: ಮಲೆನಾಡಿನ ತರಗತಿಯಲ್ಲಿ ಸಹಕಾರಿ ಕಲಿಕೆ ನಡೆಸುವ ಬಗೆ

ಐದಾರು ಮಕ್ಕಳನ್ನು ಸುತ್ತ ಕೂರಿಸಿ ಒಂದು ಚಾರ್ಟ್, ಒಂದು ಸ್ಕೆಚ್ ಪೆನ್ ಕೊಟ್ಟು ‘ಎಲ್ಲರೂ ಸೇರಿ ಮಾಡಿ’ ಎಂದರೆ ಏನಾಗುತ್ತದೆ ಎಂಬುದು ಪ್ರತಿ ಶಿಕ್ಷಕರಿಗೂ ಗೊತ್ತು. ಅಕ್ಷರ ದುಂಡಗಿರುವ ಹುಡುಗಿ ಬರೆಯುತ್ತಾಳೆ. ಪಕ್ಕದವಳು ಅಂಚಿಗೆ ಬಣ್ಣ ಹಚ್ಚುತ್ತಾಳೆ. ಉಳಿದವರಲ್ಲಿ ಒಬ್ಬ ಸ್ಕೇಲು ಹಿಡಿದು ಕೂತಿರುತ್ತಾನೆ, ಇನ್ನಿಬ್ಬರು ಕಿಟಕಿಯಾಚೆ ನೋಡುತ್ತಾರೆ. ಪೀರಿಯಡ್ ಮುಗಿದಾಗ ಗೋಡೆಗೆ ಚೆಂದದ ಚಾರ್ಟ್ ಸಿಗುತ್ತದೆ, ಐವರಲ್ಲಿ ಒಬ್ಬಳು ಕಲಿತಿರುತ್ತಾಳೆ. ಇದು ಮಕ್ಕಳ ಸೋಮಾರಿತನದಿಂದ ಆಗುವುದಲ್ಲ, ಕೊಟ್ಟ ಕೆಲಸದ ದೋಷದಿಂದ ಆಗುವುದು. ಒಬ್ಬಳೇ ಮಾಡಿ ಮುಗಿಸಬಹುದಾದ ಕೆಲಸವನ್ನು ಐವರ ಕೈಗೆ ಕೊಟ್ಟರೆ ಒಬ್ಬಳೇ ಮಾಡುತ್ತಾಳೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ ಹಗ್ಗ ಎಳೆಸಿ ಅಳತೆ ಮಾಡಿ 1913ರಲ್ಲಿ ಪ್ರಕಟಿಸಿದ್ದೂ ಇದನ್ನೇ: ಎಳೆಯುವ ಕೈಗಳು ಹೆಚ್ಚಿದಂತೆ ಒಬ್ಬೊಬ್ಬರೂ ಹಾಕುವ ಬಲ ಕಡಿಮೆಯಾಗುತ್ತದೆ.

ಸಹಕಾರಿ ಕಲಿಕೆಗೆ ಎರಡು ಷರತ್ತುಗಳಿವೆ. ಒಂದು, ಇನ್ನೊಬ್ಬರ ಪಾಲು ಸೇರದೆ ಯಾರ ಕೆಲಸವೂ ಮುಗಿಯಬಾರದು. ಎರಡು, ಕೊನೆಗೆ ಪ್ರತಿ ಮಗುವೂ ಒಂಟಿಯಾಗಿ ಉತ್ತರ ಹೇಳಬೇಕು. ಮಿನ್ನೆಸೋಟ ವಿಶ್ವವಿದ್ಯಾಲಯದ ಡೇವಿಡ್ ಜಾನ್ಸನ್, ರೋಜರ್ ಜಾನ್ಸನ್ ಸಹೋದರರು ಐದು ಅಂಶಗಳನ್ನು ಪಟ್ಟಿ ಮಾಡಿದ್ದಾರೆ: ಪರಸ್ಪರ ಅವಲಂಬನೆ, ವೈಯಕ್ತಿಕ ಹೊಣೆ, ಎದುರುಬದುರು ಮಾತು, ಕೂಡಿ ಬಾಳುವ ಕೌಶಲ, ಕೆಲಸದ ನಂತರದ ಅವಲೋಕನ. ಮೊದಲೆರಡು ಸರಿಯಿದ್ದರೆ ಉಳಿದ ಮೂರನ್ನು ಕಲಿಸಿಕೊಳ್ಳಬಹುದು. ಮೊದಲೆರಡು ಇಲ್ಲದಿದ್ದರೆ ಉಳಿದ ಮೂರರಿಂದ ಏನೂ ಪ್ರಯೋಜನವಿಲ್ಲ. ಮಲೆನಾಡಿನ ಮಕ್ಕಳಿಗೆ ಇದನ್ನು ಹೇಳಲು ಮುಯ್ಯಾಳಿನ ಉದಾಹರಣೆ ಸಾಕು: ನಿಮ್ಮ ಗದ್ದೆಯ ನಟ್ಟಿಗೆ ಬಂದವರ ಗದ್ದೆಗೆ ನೀವೂ ಹೋಗಲೇಬೇಕು, ಯಾರ ಮನೆಯಿಂದ ಯಾರು ಬಂದಿಲ್ಲ ಎಂಬುದು ಎಲ್ಲರಿಗೂ ಕಾಣುತ್ತದೆ.

ಮೊದಲ ಎರಡು ವಾರ ಜೋಡಿ ಮಾತ್ರ

ನೇರವಾಗಿ ನಾಲ್ವರ ತಂಡಕ್ಕೆ ಇಳಿಯಬೇಡಿ. ಒಂದರಿಂದ ಮೂರನೇ ತರಗತಿವರೆಗೆ ನಲಿ-ಕಲಿಯಲ್ಲಿ ಓದಿದ ಮಕ್ಕಳು ಗುಂಪಿನಲ್ಲಿ ಕೂತು, ಸಹಪಾಠಿಯ ನೆರವಿನಿಂದ ಕೆಲಸ ಮಾಡಿ ಬಂದವರೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಪದ್ಧತಿ 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದಿದೆ. ಆದರೆ ನಾಲ್ಕನೇ ತರಗತಿಯಲ್ಲಿ ಮತ್ತೆ ಸಾಲಾಗಿ ಕೂರಿಸಿ ಕರಿಹಲಗೆ ನೋಡಿಸಿದ ಮೇಲೆ ಅಭ್ಯಾಸ ತಪ್ಪುತ್ತದೆ. ಏಳನೇ ತರಗತಿಗೆ ಬರುವ ಹೊತ್ತಿಗೆ ‘ಪಕ್ಕದವರ ಜೊತೆ ಮಾತಾಡು’ ಎಂದರೆ ಮಕ್ಕಳು ಅನುಮಾನದಿಂದ ನೋಡುತ್ತಾರೆ. ಅಲ್ಲಿಯವರೆಗೆ ಮಾತಾಡಿದ್ದಕ್ಕೆ ಬೈಸಿಕೊಂಡವರು ತಾನೆ.

ಜೋಡಿ ಕೆಲಸದ ಕ್ರಮ ಹೀಗೆ. ಮೇರಿಲ್ಯಾಂಡಿನ ಫ್ರಾಂಕ್ ಲೈಮನ್ 1981ರಲ್ಲಿ ವಿವರಿಸಿದ ವಿಧಾನ ಇದು.

1. ಪ್ರಶ್ನೆ ಕೇಳಿ, ಹಲಗೆ ಮೇಲೂ ಬರೆಯಿರಿ. ಬಾಯಲ್ಲಿ ಮಾತ್ರ ಹೇಳಿದರೆ ಅರ್ಧ ಮಕ್ಕಳು ಪಕ್ಕದವರನ್ನು ‘ಎಂತ ಕೇಳಿದ್ದು ಮಿಸ್ಸು?’ ಎಂದು ಕೇಳುವುದರಲ್ಲೇ ಸಮಯ ಹೋಗುತ್ತದೆ.

2. ಒಂದು ನಿಮಿಷ ಪೂರ್ತಿ ಮೌನ. ಪ್ರತಿಯೊಬ್ಬರೂ ರಫ್ ಪುಸ್ತಕದಲ್ಲಿ ಒಂದು ಸಾಲಾದರೂ ಬರೆಯಬೇಕು. ಈ ಹೆಜ್ಜೆಯನ್ನು ಬಿಟ್ಟುಬಿಡುವವರೇ ಹೆಚ್ಚು. ಬಿಟ್ಟರೆ ಜೋಡಿಯಲ್ಲಿ ಬಾಯಿ ಜೋರಿರುವವರ ಉತ್ತರವೇ ಇಬ್ಬರ ಉತ್ತರವಾಗುತ್ತದೆ.

3. ಎರಡು ನಿಮಿಷ ಜೋಡಿ ಮಾತು. ಹಲಗೆಯ ಎಡಕ್ಕೆ ಕೂತವರು ಮೊದಲು, ಬಲಕ್ಕೆ ಕೂತವರು ನಂತರ. ಸರದಿ ನೀವೇ ನಿಗದಿ ಮಾಡಿ.

4. ಯಾರನ್ನಾದರೂ ಎಬ್ಬಿಸಿ, ಅವರ ಉತ್ತರ ಕೇಳಬೇಡಿ, ಜೊತೆಗಾರರ ಉತ್ತರ ಕೇಳಿ. ‘ಅವಳು ಏನು ಹೇಳಿದಳು? ನೀನು ಒಪ್ಪಿದೆಯಾ?’ ಎರಡನೇ ದಿನದಿಂದಲೇ ಮಕ್ಕಳು ಒಬ್ಬರ ಮಾತನ್ನು ಒಬ್ಬರು ಕೇಳತೊಡಗುತ್ತಾರೆ.

ಕೈ ಎತ್ತಿದವರನ್ನೇ ಕೇಳುವ ಅಭ್ಯಾಸವನ್ನು ಈ ಎರಡು ವಾರದಲ್ಲಿ ಬಿಡಬೇಕು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡಿನಷ್ಟು ಎಂದು ಮೇರಿ ಬಡ್ ರೋ ಎಂಬ ಸಂಶೋಧಕಿ ತೋರಿಸಿದರು. ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ. ಮನಸ್ಸಿನಲ್ಲೇ ಮೂರು ಎಣಿಸಿ.

ಮನೆಮಾತು ಬೇರೆಯಾದ ಮಕ್ಕಳಿರುವಲ್ಲಿ, ಅಂದರೆ ಭದ್ರಾವತಿಯ ತಮಿಳು ಮನೆಗಳು, ಶಿಕಾರಿಪುರದ ತಾಂಡಾಗಳು, ಉರ್ದು ಅಥವಾ ಕೊಂಕಣಿ ಮಾತಾಡುವ ಮನೆಗಳಿಂದ ಬಂದವರಿರುವಲ್ಲಿ, ಜೋಡಿ ಮಾತು ಮನೆಮಾತಿನಲ್ಲೇ ನಡೆಯಲಿ. ತರಗತಿಗೆ ಹೇಳುವಾಗ ಕನ್ನಡಕ್ಕೆ ಬಂದರೆ ಸಾಕು.

ತಂಡ ಕಟ್ಟುವುದು

ತಂಡವನ್ನು ಮಕ್ಕಳ ಆಯ್ಕೆಗೆ ಬಿಟ್ಟರೆ ಒಂದೇ ಕೇರಿಯವರು, ಒಂದೇ ಬಸ್ಸಿನವರು ಒಟ್ಟಾಗುತ್ತಾರೆ. ಕೊನೆಗೆ ಯಾರೂ ಕರೆಯದ ಮೂವರು ಉಳಿಯುತ್ತಾರೆ. ಆ ಮೂವರು ಯಾರು ಎಂಬುದು ಊರಿಗೇ ಗೊತ್ತಿರುವ ಸಂಗತಿ, ತರಗತಿಯಲ್ಲಿ ಮತ್ತೊಮ್ಮೆ ಅದನ್ನು ಮೆರೆಸುವ ಅಗತ್ಯವಿಲ್ಲ. ತಂಡವನ್ನು ಶಿಕ್ಷಕರೇ ಕಟ್ಟಬೇಕು.

28 ಮಕ್ಕಳ ತರಗತಿಯನ್ನು ತೆಗೆದುಕೊಳ್ಳಿ. ಹಿಂದಿನ ಪರೀಕ್ಷೆಯ ಅಂಕದಂತೆ 1ರಿಂದ 28ರವರೆಗೆ ಪಟ್ಟಿ ಮಾಡಿ. ಪಟ್ಟಿ ನಿಮ್ಮ ಡೈರಿಯಲ್ಲೇ ಇರಲಿ, ಮಕ್ಕಳ ಕಣ್ಣಿಗೆ ಬೀಳಬಾರದು. ಏಳು ತಂಡಕ್ಕೆ ಶಿವಮೊಗ್ಗ ಜಿಲ್ಲೆಯ ಏಳು ನದಿಗಳ ಹೆಸರಿಡಿ: ತುಂಗಾ, ಭದ್ರಾ, ಶರಾವತಿ, ಕುಮುದ್ವತಿ, ವರದಾ, ಮಾಲತಿ, ದಂಡಾವತಿ. ಮೊದಲ ಏಳು ಮಕ್ಕಳನ್ನು ತುಂಗಾದಿಂದ ದಂಡಾವತಿಯವರೆಗೆ ಹಂಚಿ. 8ರಿಂದ 14ರವರನ್ನು ಹಿಂದುಮುಂದಾಗಿ, ದಂಡಾವತಿಯಿಂದ ತುಂಗಾಕ್ಕೆ. 15ರಿಂದ 21 ಮತ್ತೆ ಮುಂದಕ್ಕೆ, 22ರಿಂದ 28 ಹಿಂದಕ್ಕೆ. ಆಗ ತುಂಗಾ ತಂಡದಲ್ಲಿ 1, 14, 15, 28ನೆಯವರು ಬರುತ್ತಾರೆ. ದಂಡಾವತಿಯಲ್ಲಿ 7, 8, 21, 22. ಯಾವ ತಂಡದ ಸ್ಥಾನಗಳನ್ನು ಕೂಡಿದರೂ 58 ಬರುತ್ತದೆ, ಎಂದರೆ ತಂಡಗಳು ಸಮಬಲದವು.

ನಂತರ ಪಟ್ಟಿಯನ್ನು ಕಣ್ಣಿನಿಂದ ಒಮ್ಮೆ ತಿದ್ದಬೇಕು. ಒಬ್ಬ ಹುಡುಗಿ, ಮೂವರು ಹುಡುಗರು ಒಟ್ಟಾಗಿದ್ದರೆ ಅವಳು ಬಾಯಿ ಮುಚ್ಚಿಕೊಳ್ಳುತ್ತಾಳೆ. ಇಬ್ಬರು-ಇಬ್ಬರು ಮಾಡಿ, ಇಲ್ಲವೇ ನಾಲ್ವರೂ ಹುಡುಗಿಯರಿರಲಿ. ಒಂದೇ ಮನೆಯ ಅಣ್ಣ-ತಂಗಿ, ದಾಯಾದಿ ಜಗಳವಿರುವ ಮನೆಯವರು, ಬಿಟ್ಟೂ ಬಿಡದ ಗೆಳೆಯರು ಬೇರೆ ಬೇರೆ ತಂಡಕ್ಕೆ ಹೋಗಲಿ. ಅದಲುಬದಲು ಮಾಡುವಾಗ ಪಕ್ಕದ ಸ್ಥಾನದವರನ್ನೇ ಬದಲಿಸಿ. 8ನೆಯವನಿಗೆ ಬದಲಾಗಿ 9ನೆಯವಳು, 22ನೆಯವಳಲ್ಲ.

ನಾಲ್ವರೇ ಏಕೆ ಎಂದರೆ ನಾಲ್ಕು ಎರಡು ಜೋಡಿಗಳಾಗಿ ಒಡೆಯುತ್ತದೆ. ಐವರಾದರೆ ಜೋಡಿ ಮಾತಿನ ಹೊತ್ತಿಗೆ ಒಬ್ಬರು ಹೊರಗುಳಿಯುತ್ತಾರೆ. ಸಂಖ್ಯೆ ಭಾಗವಾಗದಿದ್ದರೆ ಮೂವರ ತಂಡ ಮಾಡಿ. 30 ಮಕ್ಕಳಿದ್ದರೆ ನಾಲ್ವರ ಆರು ತಂಡ, ಮೂವರ ಎರಡು.

ಬೆಂಚಿನ ತರಗತಿಯಲ್ಲಿ ಮುಂದಿನ ಬೆಂಚಿನ ಇಬ್ಬರು ತಿರುಗಿ ಕೂತರೆ ನಾಲ್ವರ ತಂಡ ಸಿದ್ಧ. ಪೀಠೋಪಕರಣ ಎಳೆದಾಡಿ ಐದು ನಿಮಿಷ ಕಳೆಯಬೇಕಿಲ್ಲ. ನೆಲದ ಮೇಲೆ ಕೂರುವಲ್ಲಿ ಇಬ್ಬರೆದುರು ಇಬ್ಬರು, ನಡುವೆ ಒಂದೇ ಹಾಳೆ, ಒಂದೇ ಪೆನ್ನು. ಪ್ರತಿಯೊಬ್ಬರ ಮುಂದೆಯೂ ಒಂದೊಂದು ಹಾಳೆಯಿದ್ದರೆ ನಾಲ್ವರೂ ತಲೆ ತಗ್ಗಿಸಿ ಒಂಟಿಯಾಗಿಯೇ ಬರೆಯುತ್ತಾರೆ.

ಲೀಡರ್ ನೇಮಿಸಬೇಡಿ. ನೇಮಿಸಿದರೆ ಜಾಣೆಯೇ ಲೀಡರ್ ಆಗುತ್ತಾಳೆ, ತಂಡ ಅವಳದ್ದಾಗುತ್ತದೆ. ಬದಲಿಗೆ ನಾಲ್ಕು ಕೆಲಸಗಳನ್ನು ವಾರಕ್ಕೊಮ್ಮೆ ಸುತ್ತಿಸಿ: ಓದಿ ಹೇಳುವವರು, ಬರೆಯುವವರು, ‘ಯಾಕೆ?’ ಎಂದು ಕೇಳುವವರು, ನಾಲ್ವರಿಗೂ ತಿಳಿಯಿತೇ ಎಂದು ಒಬ್ಬೊಬ್ಬರಿಂದಲೂ ಹೇಳಿಸಿ ನೋಡುವವರು. ಸಮಯ ನೋಡುವವರು ಎಂಬ ಹುದ್ದೆಯನ್ನು ಎಲ್ಲ ತರಬೇತಿಗಳಲ್ಲೂ ಹೇಳಿಕೊಡುತ್ತಾರೆ. ಹತ್ತು ನಿಮಿಷದ ಕೆಲಸಕ್ಕೆ ಅದು ಬರೀ ತೋರಿಕೆ. ಕೊನೆಯ ಹುದ್ದೆಗೇ ಎಲ್ಲಕ್ಕಿಂತ ಹೆಚ್ಚು ತೂಕ.

ಅಂಕಿ ಕರೆಯುವುದು

ತಂಡ ಕಟ್ಟಿದ ಮೊದಲ ವಾರಕ್ಕೆ ಇದು ಹೇಳಿಮಾಡಿಸಿದ ವಿಧಾನ, ಇದನ್ನು ಜನಪ್ರಿಯಗೊಳಿಸಿದವರು ಸ್ಪೆನ್ಸರ್ ಕಾಗನ್. ಪ್ರತಿ ತಂಡದಲ್ಲಿ ಮಕ್ಕಳಿಗೆ 1ರಿಂದ 4ರವರೆಗೆ ಅಂಕಿ ಕೊಡಿ. ಪ್ರಶ್ನೆ ಕೇಳಿ, ಮೂರು ನಿಮಿಷ ಕೊಡಿ, ‘ಯಾರನ್ನು ಎಬ್ಬಿಸಿದರೂ ಉತ್ತರ ಬರಬೇಕು’ ಎನ್ನಿ. ಬೆಂಕಿಪೊಟ್ಟಣದಲ್ಲಿ ನಾಲ್ಕು ಚೀಟಿ ಹಾಕಿ ಒಂದನ್ನು ಎತ್ತಿಸಿ. ‘3’ ಬಂದರೆ ಎಲ್ಲ ತಂಡಗಳ ಮೂರನೆಯವರೂ ಎದ್ದು ನಿಂತು ಸ್ಲೇಟಿನ ಮೇಲೆ ಒಟ್ಟಿಗೆ ಉತ್ತರ ಬರೆದು ತೋರಿಸಬೇಕು.

ಇದರಲ್ಲಿ ಸಾಮಾನ್ಯವಾಗಿ ಎರಡು ಎಡವಟ್ಟು ಆಗುತ್ತವೆ. ‘ವರದಾ ತಂಡ, 3’ ಎಂದು ಮೊದಲು ತಂಡದ ಹೆಸರು ಕರೆದರೆ ಉಳಿದ ಆರು ತಂಡಗಳು ಆ ಕ್ಷಣವೇ ಕೈಬಿಡುತ್ತವೆ. ಇನ್ನೊಂದು, ಒಬ್ಬೊಬ್ಬರಾಗಿ ಬಾಯಲ್ಲಿ ಹೇಳಿಸಿದರೆ ಎರಡನೆಯವರಿಂದ ಮುಂದೆ ಎಲ್ಲರೂ ಮೊದಲನೆಯವರ ಉತ್ತರವನ್ನೇ ಹೇಳುತ್ತಾರೆ. ಸ್ಲೇಟು ಇಲ್ಲದಿದ್ದರೆ ಹಳೆಯ ಲಗ್ನಪತ್ರಿಕೆಯ ಹಿಂಬದಿ ಸಾಕು.

ಕೆಲಸ ಬರೆಯುವುದೇ ಕಷ್ಟದ ಭಾಗ

ತಂಡದ ಯಶಸ್ಸಿನ ಬಹುಪಾಲು ಹಿಂದಿನ ದಿನ ಸಂಜೆ ನೀವು ಬರೆಯುವ ಪ್ರಶ್ನೆಯಲ್ಲಿದೆ. ಒಂದೇ ಉತ್ತರದ ಸಣ್ಣ ಲೆಕ್ಕ ತಂಡಕ್ಕೆ ತಕ್ಕದ್ದಲ್ಲ. ಚುರುಕಿನವನು ಅರ್ಧ ನಿಮಿಷದಲ್ಲಿ ಮಾಡಿ ಉಳಿದವರಿಗೆ ಉತ್ತರ ಹೇಳುತ್ತಾನೆ. ಅದೇ ಲೆಕ್ಕದ ಮಾಹಿತಿಯನ್ನು ನಾಲ್ಕಾಗಿ ಒಡೆದರೆ ಅದು ತಂಡದ ಕೆಲಸವಾಗುತ್ತದೆ.

ಏಳನೇ ತರಗತಿಯ ಅನುಪಾತಕ್ಕೆ ಒಂದು ಮಾದರಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣವನ್ನು ತೋಟವಿರುವ ಮನೆಯ ಮಕ್ಕಳೆಲ್ಲ ನೋಡಿರುತ್ತಾರೆ. ನಾಲ್ಕು ಚೀಟಿ ಮಾಡಿ. ಮೊದಲನೆಯದು: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ. ಎರಡನೆಯದು: ಸುಣ್ಣದ ತೂಕ ಮೈಲುತುತ್ತದಷ್ಟೇ, ಸುಣ್ಣ ಮತ್ತು ಮೈಲುತುತ್ತದ ಇವತ್ತಿನ ಕಿಲೋ ದರ (ಅಂಗಡಿಯಲ್ಲಿ ಕೇಳಿ ಬರೆಯಿರಿ). ಮೂರನೆಯದು: ತೋಟದಲ್ಲಿ 300 ಮರ. ನಾಲ್ಕನೆಯದು: ಈ ಲೆಕ್ಕಕ್ಕೆ ಮರವೊಂದಕ್ಕೆ ಒಂದೂವರೆ ಲೀಟರ್ ದ್ರಾವಣ ಎಂದುಕೊಳ್ಳಿ. ಪ್ರಶ್ನೆ ಹಲಗೆಯ ಮೇಲೆ: ಒಂದು ಸಲ ಔಷಧಿ ಹೊಡೆಯಲು ಸಾಮಗ್ರಿಗೆ ಎಷ್ಟು ಖರ್ಚು? ನಿಯಮ ಒಂದೇ: ಚೀಟಿಯನ್ನು ಯಾರಿಗೂ ತೋರಿಸುವಂತಿಲ್ಲ, ಓದಿ ಹೇಳಬಹುದು. 450 ಲೀಟರ್, ನಾಲ್ಕೂವರೆ ಕಿಲೋ ಮೈಲುತುತ್ತ, ನಾಲ್ಕೂವರೆ ಕಿಲೋ ಸುಣ್ಣ ಎಂಬಲ್ಲಿಗೆ ಬರಲು ನಾಲ್ವರೂ ಬಾಯಿ ಬಿಡಲೇಬೇಕು. 12 ನಿಮಿಷ ಕೊಡಿ. ಮುಗಿದ ಮೇಲೆ ಬೆಂಕಿಪೊಟ್ಟಣದಿಂದ ಅಂಕಿಯ ಚೀಟಿ ಎತ್ತಿ, ‘35 ಲೀಟರ್ ಡ್ರಮ್ಮಿಗಾದರೆ ಮೈಲುತುತ್ತ ಎಷ್ಟು?’ ಎಂದು ಒಂಟಿಯಾಗಿ ಕೇಳಿ. 350 ಗ್ರಾಂ ಎಂದು ಸ್ಲೇಟಿನಲ್ಲಿ ಬರೆದವರಿಗೆ ಅನುಪಾತ ತಿಳಿದಿದೆ. ತೋಟವಿಲ್ಲದ ಮನೆಯ ಮಗುವಿಗೆ ಮೊದಲನೇ ಚೀಟಿ ಕೊಡಿ, ಅದಿಲ್ಲದೆ ಲೆಕ್ಕ ಶುರುವಾಗುವುದಿಲ್ಲ.

ಮಕ್ಕಳಿಗೆ ಸಹಾಯ ಮಾಡುವುದನ್ನೂ ಕಲಿಸಬೇಕು. ಬರೀ ಉತ್ತರ ಹೇಳಿಸಿಕೊಂಡ ಮಗುವಿಗೆ ಲಾಭವಿಲ್ಲ, ವಿವರಿಸಿ ಹೇಳಿದ ಮಗುವಿಗೇ ಹೆಚ್ಚು ಲಾಭ ಎಂಬುದನ್ನು ನೊರೀನ್ ವೆಬ್ ಅವರ ಅಧ್ಯಯನಗಳು ತೋರಿಸಿವೆ. ‘ನನ್ನ ಮಗಳು ಬೇರೆಯವರಿಗೆ ಹೇಳಿಕೊಡ್ತಾ ಕೂತರೆ ಅವಳ ಓದಿನ ಗತಿ ಏನು ಮೇಷ್ಟ್ರೇ?’ ಎಂದು ಪೋಷಕರ ಸಭೆಯಲ್ಲಿ ಕೇಳುವವರಿಗೆ ಇದೇ ಉತ್ತರ. ಗೋಡೆಯ ಮೇಲೆ ಮೂರು ಸಾಲು ಅಂಟಿಸಿ: ‘ಎಲ್ಲಿವರೆಗೆ ಮಾಡಿದ್ದೀಯ?’, ‘ಇದು ಹೀಗೇಕೆ?’, ‘ಈಗ ನೀನು ನನಗೆ ಹೇಳು’. ಉತ್ತರ ಹೇಳುವ ಮೊದಲು ಈ ಮೂರನ್ನು ಕೇಳಿರಬೇಕು ಎಂಬುದು ನಿಯಮ. ತಂಡದವರು ನಿಮ್ಮ ಹತ್ತಿರ ಬಂದರೆ ‘ನಾಲ್ವರನ್ನೂ ಕೇಳಿದಿರಾ?’ ಎಂದು ವಾಪಸ್ ಕಳಿಸಿ. ನಾಲ್ವರಿಗೂ ಗೊತ್ತಿಲ್ಲದ ಪ್ರಶ್ನೆಯಷ್ಟೇ ನಿಮ್ಮ ಪ್ರಶ್ನೆ.

ಪಾಠ ಒಡೆದು ಹಂಚುವುದು: ಜಿಗ್ಸಾ

1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಬಿಳಿಯ, ಕರಿಯ, ಮೆಕ್ಸಿಕನ್ ಮೂಲದ ಮಕ್ಕಳನ್ನು ಮೊದಲ ಸಲ ಒಂದೇ ತರಗತಿಗೆ ತಂದಾಗ ಶಾಲೆಗಳಲ್ಲಿ ಹಗೆ ಹೊಗೆಯಾಡುತ್ತಿತ್ತು. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಅಲ್ಲಿ ಉಪದೇಶ ಮಾಡಲಿಲ್ಲ, ಪಾಠವನ್ನು ತುಂಡು ಮಾಡಿ ಹಂಚಿದರು. ಪಕ್ಕದವನ ಹತ್ತಿರವಿರುವ ತುಂಡು ಇಲ್ಲದೆ ಪರೀಕ್ಷೆ ಬರೆಯಲಾಗದು ಎಂದಾದಾಗ ಮಕ್ಕಳು ಅವನ ಮಾತು ಕೇಳತೊಡಗಿದರು. ಯಾರ ಪಕ್ಕ ಯಾರು ಕೂರಬೇಕು, ಯಾರ ಬಾಟಲಿಯ ನೀರು ಯಾರು ಕುಡಿಯಬೇಕು ಎಂಬ ಲೆಕ್ಕ ನಮ್ಮ ಶಾಲೆಗಳಲ್ಲೂ ಸದ್ದಿಲ್ಲದೆ ನಡೆಯುತ್ತದೆ. ‘ಜಾತಿಭೇದ ಬೇಡ’ ಎಂದು ಪ್ರಾರ್ಥನೆಯಲ್ಲಿ ಹೇಳುವುದಕ್ಕಿಂತ ಈ ವಿಧಾನ ಹೆಚ್ಚು ಕೆಲಸ ಮಾಡುತ್ತದೆ. ಆದರೆ ಮಿಶ್ರ ಮಾಡಿದ್ದರ ಉದ್ದೇಶವನ್ನು ಮಕ್ಕಳೆದುರು ಬಾಯಿಬಿಡಬಾರದು.

ಶರಾವತಿಯನ್ನೇ ಪಾಠವಾಗಿ ತೆಗೆದುಕೊಳ್ಳೋಣ. 120ರಿಂದ 150 ಪದಗಳ ನಾಲ್ಕು ತುಂಡು ಬರೆಯಿರಿ.

ಮೊದಲ ತುಂಡು ನದಿಯ ಹಾದಿ: ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಸುಮಾರು 128 ಕಿ.ಮೀ. ಹರಿದು ಹೊನ್ನಾವರದಲ್ಲಿ ಕಡಲು ಸೇರುವುದು, ಮುಂಗಾರು ಮಳೆಯೇ ಅದರ ಬಂಡವಾಳ. ಎರಡನೆಯದು ಲಿಂಗನಮಕ್ಕಿ: 1964ರ ಅಣೆಕಟ್ಟು, ಪೂರ್ಣ ಮಟ್ಟ 1819 ಅಡಿ, ನೀರು ತಳಕಳಲೆ ಜಲಾಶಯದ ಮೂಲಕ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳಿಗೆ ಹೋಗುವುದು, ಒಟ್ಟು ಸಾಮರ್ಥ್ಯ 1035 ಮೆಗಾವ್ಯಾಟ್. ಮೂರನೆಯದು ಜೋಗ: 253 ಮೀಟರ್ ಎತ್ತರ, ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆ, ಅಣೆಕಟ್ಟಿನ ಕೆಳಗಡೆ ಇರುವುದರಿಂದ ಗೇಟು ತೆಗೆದಾಗ ಭೋರ್ಗರೆಯುವುದು. ನಾಲ್ಕನೆಯದು ಹಿನ್ನೀರು: ಮುಳುಗಿದ ಊರುಗಳು, ಎದ್ದು ಹೋದ ಕುಟುಂಬಗಳು, ನೀರು ಇಳಿದಾಗ ಕಾಣುವ ಹಳೆಯ ಹಿರೇಭಾಸ್ಕರ ಅಣೆಕಟ್ಟು, ದಶಕಗಳ ಕಾಲ ಸಿಗಂದೂರಿಗೆ ಲಾಂಚ್, 2025ರ ಜುಲೈನಲ್ಲಿ ತೆರೆದ ಸೇತುವೆ.

ಕೊನೆಯ ಪ್ರಶ್ನೆ ನಾಲ್ಕನ್ನೂ ಬೇಡುವಂತಿರಬೇಕು: ‘ಮಳೆ ಕಡಿಮೆ ಬಿದ್ದು ಲಿಂಗನಮಕ್ಕಿ ತುಂಬದ ವರ್ಷ ಜೋಗದಲ್ಲಿ, ವಿದ್ಯುದಾಗಾರದಲ್ಲಿ, ಹಿನ್ನೀರಿನಲ್ಲಿ ಏನೇನು ಕಾಣುತ್ತದೆ? ಮೂರಕ್ಕೂ ಕಾರಣ ಒಂದೇ ಎಂದು ತೋರಿಸಿ.’ ‘ಜೋಗದ ಎತ್ತರ ಎಷ್ಟು?’ ಎಂಬಂಥ ಪ್ರಶ್ನೆ ಇಲ್ಲಿ ಸಲ್ಲದು, ಅದಕ್ಕೆ ಒಂದೇ ತುಂಡು ಸಾಕು.

40 ನಿಮಿಷದ ಎರಡು ಪೀರಿಯಡ್ ಒಟ್ಟಿಗೆ ಬೇಕು.

ಮೊದಲ 5 ನಿಮಿಷ: ತಂಡಗಳಲ್ಲಿ ಕೂರಿಸಿ, ಕೊನೆಯ ಪ್ರಶ್ನೆ ಹಲಗೆ ಮೇಲೆ ಬರೆದು, 1ನೇ ಅಂಕಿಯವರಿಗೆ ಮೊದಲ ತುಂಡು, 2ನೆಯವರಿಗೆ ಎರಡನೆಯದು, ಹೀಗೆ ಹಂಚಿ. ಏಳು ತಂಡಕ್ಕೆ ಪ್ರತಿ ತುಂಡಿನ ಏಳು ಪ್ರತಿ, ಒಟ್ಟು 28 ಹಾಳೆ.

ಮುಂದಿನ 8 ನಿಮಿಷ: ಒಂಟಿ ಓದು.

ನಂತರ 17 ನಿಮಿಷ: ಒಂದೇ ತುಂಡಿನವರು ಒಂದೆಡೆ ಸೇರಿ ತಜ್ಞರ ಗುಂಪು. ಏಳು ಜನ ಒಟ್ಟಿಗೆ ಕೂತರೆ ಮೂವರೇ ಮಾತಾಡುತ್ತಾರೆ, ಆದ್ದರಿಂದ ಮೂವರು ಮತ್ತು ನಾಲ್ವರಾಗಿ ಒಡೆಯಿರಿ. ಅವರ ಕೈಗೆ ನಾಲ್ಕು ಪರಿಶೀಲನಾ ಪ್ರಶ್ನೆಗಳಿರಲಿ. ತಂಡಕ್ಕೆ ಹೇಗೆ ಹೇಳಬೇಕು ಎಂಬುದನ್ನೂ ಅಲ್ಲೇ ಅಭ್ಯಾಸ ಮಾಡಲಿ: ಒಂದು ಚಿತ್ರ, ಐದು ಮುಖ್ಯಪದ.

ಆಮೇಲೆ 24 ನಿಮಿಷ: ಮೂಲ ತಂಡಕ್ಕೆ ವಾಪಸ್, ಒಬ್ಬೊಬ್ಬರಿಗೆ ಆರು ನಿಮಿಷ. ನಾಲ್ಕು ನಿಮಿಷ ಹೇಳುವುದು, ಎರಡು ನಿಮಿಷ ಉಳಿದವರ ಪ್ರಶ್ನೆ.

10 ನಿಮಿಷ: ಕೊನೆಯ ಪ್ರಶ್ನೆಯ ಚರ್ಚೆ.

12 ನಿಮಿಷ: ಪ್ರತಿಯೊಬ್ಬರೂ ಒಂಟಿಯಾಗಿ ಬರೆಯುವ ಕಿರುಪರೀಕ್ಷೆ. ಉಳಿದ ನಾಲ್ಕು ನಿಮಿಷ ಕೂತೆದ್ದು ಓಡಾಡುವುದಕ್ಕೇ ಹೋಗುತ್ತದೆ.

ಇದು ಕೆಡುವುದು ಹೆಚ್ಚಾಗಿ ಮೂಲ ತಂಡಕ್ಕೆ ಮರಳಿದಾಗ. ತಜ್ಞ ಮಗು ಹಾಳೆಯನ್ನು ಗಡಗಡ ಓದಿ ಮುಗಿಸುತ್ತದೆ, ಕೇಳುವವರು ನಕಲು ಮಾಡಿಕೊಳ್ಳುತ್ತಾರೆ. ಅದಕ್ಕೇ ತಜ್ಞರ ಗುಂಪಿನಿಂದ ಏಳುವ ಮುಂಚೆ ಹಾಳೆಗಳನ್ನು ವಾಪಸ್ ತೆಗೆದುಕೊಳ್ಳಿ. ಐದು ಮುಖ್ಯಪದದ ಚೀಟಿ ಮಾತ್ರ ಕೈಯಲ್ಲಿರಲಿ. ಓದಲು ತಡವರಿಸುವ ಮಗುವಿಗೆ ಸುಲಭದ ತುಂಡು (ಇಲ್ಲಿ ಜೋಗ) ಬರುವಂತೆ ಅಂಕಿ ಕೊಡಿ, ತಜ್ಞರ ಹಂತದಲ್ಲಿ ನೀವು ಆ ಗುಂಪಿನ ಜೊತೆಗೇ ಕೂರಿ. ಆ ಮಗು ತಂಡಕ್ಕೆ ಹೋಗಿ ತೊದಲಿದರೆ ಉಳಿದವರು ‘ಬಿಡು ಮಾರಾಯ’ ಎನ್ನುತ್ತಾರೆ, ಅಲ್ಲಿಗೆ ಇಡೀ ಪ್ರಯತ್ನ ಹಾಳು. ತಪ್ಪು ಮಾಹಿತಿ ಹಬ್ಬುವ ಭಯವೂ ನಿಜವೇ. ಪರಿಶೀಲನಾ ಪ್ರಶ್ನೆಗಳ ಉತ್ತರವನ್ನು ತಜ್ಞರ ಹಂತದಲ್ಲೇ ನೀವು ನೋಡಿ ಸಹಿ ಹಾಕಿ ಕಳಿಸಿದರೆ ಅದು ತಪ್ಪುತ್ತದೆ.

ಅಂಕ: ತಂಡಕ್ಕೆ ಒಂದೇ ಅಂಕ ಕೊಡಬೇಡಿ

ತಂಡದ ಚಾರ್ಟಿಗೆ 20ಕ್ಕೆ 17 ಕೊಟ್ಟು ನಾಲ್ವರಿಗೂ 17 ಬರೆದರೆ ಕೆಲಸ ಮಾಡದವರಿಗೆ ಬಹುಮಾನ, ಮಾಡಿದವರಿಗೆ ಸಿಟ್ಟು. ಇದನ್ನು ಬಿಡಿಸಲು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಸ್ಲಾವಿನ್ ಸುಧಾರಣೆಯ ಅಂಕ ಎಂಬ ದಾರಿ ಮಾಡಿದರು. ಪರೀಕ್ಷೆಯನ್ನು ಎಲ್ಲರೂ ಒಂಟಿಯಾಗಿಯೇ ಬರೆಯುತ್ತಾರೆ. ಪ್ರತಿ ಮಗುವಿನ ಸ್ಪರ್ಧೆ ತನ್ನ ಹಿಂದಿನ ಮಟ್ಟದ ಜೊತೆ. ಆ ಮಟ್ಟ ಎಂದರೆ ಹಿಂದಿನ ಮೂರು ಕಿರುಪರೀಕ್ಷೆಗಳ ಸರಾಸರಿ. ನೂರಕ್ಕೆ ಲೆಕ್ಕ ಹಾಕಿದಾಗ, ತನ್ನ ಮಟ್ಟಕ್ಕಿಂತ ಹತ್ತಕ್ಕೂ ಹೆಚ್ಚು ಕೆಳಗಿಳಿದರೆ 5 ಪಾಯಿಂಟು, ಒಂದರಿಂದ ಹತ್ತರಷ್ಟು ಇಳಿದರೆ 10, ಅದೇ ಮಟ್ಟದಿಂದ ಹತ್ತರವರೆಗೆ ಏರಿದರೆ 20, ಹತ್ತಕ್ಕೂ ಮೀರಿ ಏರಿದರೆ 30. ಪೂರ್ತಿ ಅಂಕ ಬಂದರೆ ಯಾವತ್ತೂ 30.

ಒಂದು ತಂಡದ ಲೆಕ್ಕ: 52ರ ಮಗು 65 ತೆಗೆಯಿತು, 30. 70ರ ಮಗು 68, 10. 35ರ ಮಗು 41, 20. 88ರ ಮಗು 100, 30. ಒಟ್ಟು 90, ಸರಾಸರಿ 22.5. ಸರಾಸರಿ 15 ಮುಟ್ಟಿದರೆ ಒಳ್ಳೆಯ ತಂಡ, 20 ಮುಟ್ಟಿದರೆ ಉತ್ತಮ, 25ಕ್ಕೆ ಅತ್ಯುತ್ತಮ ಎಂದು ಫಲಕದಲ್ಲಿ ಬರೆಯಿರಿ. ಏಳು ತಂಡವೂ ಅತ್ಯುತ್ತಮ ಆಗಬಹುದು. ಒಂದನೇ ಸ್ಥಾನ, ಎರಡನೇ ಸ್ಥಾನ ಎಂದು ಇಟ್ಟರೆ ತಂಡಗಳ ನಡುವೆ ಜಗಳ ಹುಟ್ಟಿ, ದುರ್ಬಲ ಮಗುವಿಗೆ ‘ನಿನ್ನಿಂದಲೇ ಸೋತದ್ದು’ ಎಂಬ ಮಾತು ಬೀಳುತ್ತದೆ. 35ರ ಮಗು 41 ತೆಗೆದು ತಂದ 20 ಪಾಯಿಂಟು 70ರ ಮಗು ತಂದದ್ದಕ್ಕಿಂತ ಹೆಚ್ಚು. ಮೊದಲ ವಾರ ಮಕ್ಕಳಿಗೆ ಇದು ಅನ್ಯಾಯ ಅನ್ನಿಸುತ್ತದೆ, ಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿ.

ಪ್ರಶ್ನೆಪತ್ರಿಕೆ 20 ಅಂಕದ್ದಿರಲಿ. ಆಗ ಎರಡು ಅಂಕ ಎಂದರೆ ಹತ್ತು: ಎರಡಕ್ಕೂ ಹೆಚ್ಚು ಇಳಿದರೆ 5, ಒಂದೋ ಎರಡೋ ಇಳಿದರೆ 10, ಅಷ್ಟೇ ಅಥವಾ ಎರಡರವರೆಗೆ ಏರಿದರೆ 20, ಅದಕ್ಕೂ ಮೇಲೆ 30. ಸರಾಸರಿಯಲ್ಲಿ ಭಿನ್ನರಾಶಿ ಬಂದರೆ ಹತ್ತಿರದ ಪೂರ್ಣಾಂಕಕ್ಕೆ ತನ್ನಿ. 10 ಅಂಕದ ಪರೀಕ್ಷೆಯಲ್ಲಿ ಒಂದು ತಪ್ಪಿಗೇ ಪಾಯಿಂಟು ಏರಿಳಿದು ಮಕ್ಕಳು ನಂಬಿಕೆ ಕಳೆದುಕೊಳ್ಳುತ್ತಾರೆ. ಈ ಪಾಯಿಂಟುಗಳನ್ನು ರೂಪಣಾತ್ಮಕ ಮೌಲ್ಯಮಾಪನದ ಅಂಕಕ್ಕೆ ಸೇರಿಸಬೇಡಿ. ಪ್ರಗತಿ ಪತ್ರದಲ್ಲಿ ಮಗುವಿನ ಸ್ವಂತ ಅಂಕ ಮಾತ್ರ.

ಮಳೆ, ಗೈರುಹಾಜರಿ, ಪುಟ್ಟ ಶಾಲೆ

ಮೈದಾನದ ಊರುಗಳಿಗೆ ಬರೆದ ಕೈಪಿಡಿಗಳಲ್ಲಿ ಸಿಗದ ವಿಷಯ ಇದು. ಜುಲೈ-ಆಗಸ್ಟ್‌ನಲ್ಲಿ ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಏಳು ತಂಡ ಒಟ್ಟಿಗೆ ಮಾತಾಡಿದರೆ ಪಕ್ಕದವರ ಮಾತೂ ಕೇಳದು, ಮಕ್ಕಳು ಕಿರುಚುತ್ತಾರೆ, ಪಕ್ಕದ ತರಗತಿಯವರು ದೂರುತ್ತಾರೆ. ಆ ತಿಂಗಳುಗಳಿಗೆ ಸುತ್ತು ಬರಹ ಇಟ್ಟುಕೊಳ್ಳಿ. ತಂಡಕ್ಕೆ ಒಂದೇ ಹಾಳೆ. ಒಬ್ಬರು ಒಂದು ಹೆಜ್ಜೆ ಅಥವಾ ಒಂದು ಸಾಲು ಬರೆದು ಪಕ್ಕಕ್ಕೆ ಕೊಡಬೇಕು, ಮುಂದಿನವರು ಅದನ್ನು ಓದಿ ತಿದ್ದಿ ತಮ್ಮ ಸಾಲು ಸೇರಿಸಬೇಕು. ನಾಲ್ವರೂ ಬೇರೆ ಬೇರೆ ಬಣ್ಣದ ಪೆನ್ನಿನಲ್ಲಿ ಬರೆದರೆ ಯಾರ ಪಾಲು ಎಷ್ಟು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಸದ್ದು ನಿಲ್ಲಿಸಲು ಸೀಟಿ, ಚಪ್ಪಾಳೆ ಬೇಡ. ನೀವು ಕೈ ಎತ್ತಿ ನಿಲ್ಲಿ, ನೋಡಿದವರೆಲ್ಲ ಕೈ ಎತ್ತಿ ಬಾಯಿ ಮುಚ್ಚಲಿ. ಐದು ಎಣಿಸುವುದರೊಳಗೆ ತರಗತಿ ನಿಲ್ಲುವಷ್ಟು ಅಭ್ಯಾಸವನ್ನು ಮೊದಲ ವಾರವೇ ಮಾಡಿಸಿ.

ಮಳೆಗಾಲದಲ್ಲಿ ಜಿಗ್ಸಾವನ್ನು ಎರಡು ದಿನಕ್ಕೆ ಹಂಚಬೇಡಿ. ರಾತ್ರಿ ರಜೆ ಘೋಷಣೆಯಾಗಿ ಮೂರು ದಿನ ಶಾಲೆ ಮುಚ್ಚಿದರೆ ತಜ್ಞರು ತಮ್ಮ ತುಂಡನ್ನೇ ಮರೆತು ಬರುತ್ತಾರೆ. ಒಂದೇ ದಿನ ಒಟ್ಟಿಗೆ ಎರಡು ಪೀರಿಯಡ್ ಸಿಗದಿದ್ದರೆ ಮೂರು ತುಂಡಿಗೆ ಇಳಿಸಿ. ಬೆಳಗಿನ ಮೊದಲ ಪೀರಿಯಡ್‌ಗೂ ಇಡಬೇಡಿ, ದೂರದಿಂದ ನಡೆದು ಬರುವವರು, ಬಸ್ಸಿಗೆ ಕಾಯುವವರು ತಡವಾಗುತ್ತಾರೆ.

ಅಡಿಕೆ ಕೊಯ್ಲು ಶುರುವಾದರೆ ಗೈರು ಹೆಚ್ಚು. ತಂಡದಲ್ಲಿ ಒಬ್ಬರಿಲ್ಲದಿದ್ದರೆ ಅವರ ತುಂಡನ್ನು ನಾಲ್ಕನೇ ಅಂಕಿಯವರ ಜೊತೆ ಸೇರಿಸಿ. ಇಬ್ಬರಿಲ್ಲದಿದ್ದರೆ ಆ ದಿನಕ್ಕೆ ತಂಡವನ್ನು ಕರಗಿಸಿ, ಉಳಿದಿಬ್ಬರನ್ನು ಮೂವರ ತಂಡಗಳಿಗೆ ಕಳಿಸಿ. ಮರಳಿ ಬಂದ ಮಗುವಿಗೆ ಪಾಠ ಒಪ್ಪಿಸುವ ಹೊಣೆ ತಂಡದ್ದು: ಮಧ್ಯಾಹ್ನದ ಊಟದ ನಂತರ ಹತ್ತು ನಿಮಿಷ ಸಾಕು.

ಮೂರು ತರಗತಿ ಸೇರಿ ಒಂಬತ್ತೇ ಮಕ್ಕಳಿರುವ ಶಾಲೆಗಳಲ್ಲಿ ತರಗತಿಗೊಬ್ಬರಂತೆ ಮೂವರ ಮೂರು ತಂಡ ಮಾಡಿ. ವಿಷಯ ಒಂದೇ, ಬೇಡಿಕೆ ಬೇರೆ: ಶಾಲೆ ಸುತ್ತಲಿನ ಮರಗಳ ಪಟ್ಟಿಯಲ್ಲಿ ನಾಲ್ಕನೆಯವರು ಎಲೆ ಸಂಗ್ರಹಿಸಿ ಹೆಸರು ಬರೆದರೆ, ಐದನೆಯವರು ಕಾಂಡದ ಸುತ್ತಳತೆ ಅಳೆಯಲಿ, ಆರನೆಯವರು ಕೋಷ್ಟಕ ಮತ್ತು ಸ್ತಂಭಾಲೇಖ ಮಾಡಲಿ. ಪಟ್ಟಿ ಇಲ್ಲದೆ ಕೋಷ್ಟಕವಿಲ್ಲ. ಇಲ್ಲಿ ಕಾಯಬೇಕಾದ್ದು ದೊಡ್ಡವರು ಚಿಕ್ಕವರ ಕೆಲಸವನ್ನೂ ಎಳೆದುಕೊಳ್ಳದಂತೆ.

ಪ್ರತಿ ಕೆಲಸದ ಕೊನೆಗೆ ಮೂರು ನಿಮಿಷ ಉಳಿಸಿ. ‘ಹೇಗಿತ್ತು?’ ಎಂದರೆ ‘ಚೆನ್ನಾಗಿತ್ತು ಸಾರ್’ ಎಂಬ ಒಂದೇ ಉತ್ತರ. ‘ಇವತ್ತು ಯಾರ ಯಾವ ಮಾತಿನಿಂದ ನಿನಗೆ ದಾರಿ ಸಿಕ್ಕಿತು?’, ‘ನಾಳೆ ಒಂದನ್ನು ಬದಲಿಸುವುದಾದರೆ ಯಾವುದು?’ ಎಂದು ಕೇಳಿ, ತಂಡದ ಪುಸ್ತಕದಲ್ಲಿ ಎರಡು ಸಾಲು ಬರೆಸಿ. ಜಗಳದ ಬೇರು ಅಲ್ಲೇ ಸಿಗುತ್ತದೆ. ‘ನಂಗೆ ಈ ತಂಡ ಬೇಡ ಮಿಸ್’ ಎಂದು ಮೊದಲ ವಾರ ಬಂದವರನ್ನು ಬದಲಿಸಬೇಡಿ. ಒಬ್ಬರನ್ನು ಬದಲಿಸಿದರೆ ಮರುದಿನ ಆರು ಜನ ಸಾಲು ನಿಲ್ಲುತ್ತಾರೆ. ಹೊಡೆದಾಟ, ಹೀಯಾಳಿಕೆಯಾದರೆ ಮಾತ್ರ ಕೂಡಲೇ ಬದಲಿಸಿ. ಉಳಿದಂತೆ ಐದಾರು ವಾರ ಒಂದೇ ತಂಡ, ರೂಪಣಾತ್ಮಕ ಮೌಲ್ಯಮಾಪನ ಮುಗಿದ ಮೇಲೆ ಹೊಸ ಅಂಕಗಳಿಂದ ಹೊಸ ಪಟ್ಟಿ.

ತುಂಡುಗಳ ಹಾಳೆಗಳನ್ನು ಬಳಸಿದ ಮೇಲೆ ಎಸೆಯಬೇಡಿ, ಮುಂದಿನ ವರ್ಷಕ್ಕೂ ಬರುತ್ತವೆ. ಆದರೆ ಬೀರುವಿನಲ್ಲಿ ಹಾಗೇ ಇಟ್ಟರೆ ಆಗಸ್ಟ್ ಹೊತ್ತಿಗೆ ಬೂಸಲು ಹಿಡಿದು ಅಂಟಿಕೊಳ್ಳುತ್ತವೆ. ಒಣ ಬಿಸಿಲಿರುವಾಗಲೇ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಮುಚ್ಚಿ, ಮೇಲೆ ಪಾಠದ ಹೆಸರು, ತುಂಡಿನ ಸಂಖ್ಯೆ, ಯಾವ ಹಂತಕ್ಕೆ ಸಮಯ ಸಾಲಲಿಲ್ಲ ಎಂಬುದನ್ನು ಬರೆದಿಡಿ.